ನೂರಕ್ಕೆ ಎಷ್ಟು ಅಂತ ಕೇಳುವ ಮುಂಚೆ

(ಧಾರವಾಡದ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಮತ್ತು ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಪಾಠ ಮಾಡುವವನಲ್ಲ. ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಕೆಲಸ ನನ್ನದು. ಅಂಗಡಿಗಳು, ಕಲ್ಯಾಣ ಮಂಟಪಗಳು, ಶಾಲೆಗಳು, ಬೀಜ-ಗೊಬ್ಬರದ ವ್ಯಾಪಾರಿಗಳು ನಮ್ಮ ಗಿರಾಕಿಗಳು. ಇವತ್ತು ಯಾವ ಬ್ರೌಸರನ್ನು ನೂರಕ್ಕೆ ಎಷ್ಟು ಜನ ಬಳಸುತ್ತಾರೆ ಅನ್ನುವ ಲೆಕ್ಕದ ಬಗ್ಗೆ ಮಾತಾಡುತ್ತೇನೆ. ಒಂದು ಜಗಳದಿಂದ ಶುರು ಮಾಡುತ್ತೇನೆ.

2012ರ ಜೂನ್. ಕೊಪ್ಪಿಕರ ರಸ್ತೆಯ ಹತ್ತಿರ ಮಹಡಿ ಮೇಲೆ ನಮ್ಮ ಆಫೀಸು. ಇದ್ದದ್ದು ಮೂರೇ ಜನ. ಅವತ್ತು ಸಂಜೆ ನನ್ನ ಇಬ್ಬರು ಗೆಳೆಯರ ನಡುವೆ ವಾದ ಹತ್ತಿತು. ಟೇಬಲ್ ಮೇಲೆ ಗಿರ್ಮಿಟ್ ಪೊಟ್ಟಣ ಬಿಚ್ಚಿದ್ದು ಹಾಗೇ ಇತ್ತು, ಚುರುಮುರಿ ಮೆತ್ತಗಾಗುತ್ತಿತ್ತು.

"ಕ್ರೋಮ್ ಜಗತ್ತಿನಾಗ ನಂಬರ್ ಒನ್ ಆಗೇತಿ. ಇನ್ನ ಮ್ಯಾಲೆ ಎಲ್ಲಾ ಮೊದಲ ಕ್ರೋಮ್‌ನ್ಯಾಗ ನೋಡೂಣು" ಅಂದ ಒಬ್ಬ.

"ಎಲ್ಲಿ ನಂಬರ್ ಒನ್? ಇಲ್ಲಿ ನೋಡಪಾ, ಎಕ್ಸ್‌ಪ್ಲೋರರ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಐತಿ" ಅಂದ ಇನ್ನೊಬ್ಬ.

ಇಬ್ಬರ ಕೈಯಲ್ಲೂ ಪ್ರಿಂಟ್ ತೆಗೆದ ಹಾಳೆ ಇತ್ತು. ಒಬ್ಬನದು ಐರ್ಲೆಂಡಿನ ಸ್ಟ್ಯಾಟ್‌ಕೌಂಟರ್ ಕಂಪನಿಯ ಲೆಕ್ಕ. ಅದರ ಪ್ರಕಾರ 2012ರ ಮೇ ತಿಂಗಳಲ್ಲಿ ಕ್ರೋಮ್ ಮೊದಲ ಸಲ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ಹಿಂದೆ ಹಾಕಿತ್ತು. ಎರಡೂ ನೂರಕ್ಕೆ 32 ಚಿಲ್ಲರೆ, ಕ್ರೋಮ್ ಕೂದಲೆಳೆಯಷ್ಟು ಮುಂದೆ. ಇನ್ನೊಬ್ಬನದು ಅಮೆರಿಕದ ನೆಟ್ ಅಪ್ಲಿಕೇಶನ್ಸ್ ಕಂಪನಿಯ ಲೆಕ್ಕ. ಅದರಲ್ಲಿ ಅದೇ ಮೇ ತಿಂಗಳಿಗೆ ಎಕ್ಸ್‌ಪ್ಲೋರರ್ 54ರ ಆಸುಪಾಸು, ಕ್ರೋಮ್ 20ರ ಒಳಗೆ.

ಒಂದೇ ಜಗತ್ತು, ಒಂದೇ ತಿಂಗಳು. ಒಂದು ಕಡೆ 32, ಇನ್ನೊಂದು ಕಡೆ 54. ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನಿಸಿತು. ಆ ರಾತ್ರಿ ಕೂತು, ಎರಡೂ ಕಂಪನಿಗಳು ತಾವು ಹೇಗೆ ಎಣಿಸುತ್ತೇವೆ ಅಂತ ಬರೆದುಕೊಂಡದ್ದನ್ನು ಪೂರ್ತಿ ಓದಿದೆ. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಎಣಿಸಿದ ವಸ್ತು ಮಾತ್ರ ಬೇರೆ ಬೇರೆ.

ನಿಮ್ಮಲ್ಲಿ ಹಾವೇರಿ ಕಡೆಯವರು ಎಷ್ಟು ಜನ ಇದ್ದೀರಿ? ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನೋಡಿದವರು ಕೈ ಎತ್ತಿ. ಬಹಳ ಸಂತೋಷ. ಹಾಗಾದರೆ ಇದು ನಿಮಗೆ ಸಲೀಸಾಗಿ ತಿಳಿಯುತ್ತದೆ.

ಒಂದು ದಿನ ಮಾರುಕಟ್ಟೆಗೆ ಹತ್ತೇ ಜನ ರೈತರು ಬಂದರು ಅಂತ ಇಟ್ಟುಕೊಳ್ಳಿ. ಅವರಲ್ಲಿ ಇಬ್ಬರು ದೊಡ್ಡ ಬೆಳೆಗಾರರು, ತಲಾ ನೂರು ಚೀಲ ಕಡ್ಡಿ ಮೆಣಸಿನಕಾಯಿ ತಂದಿದ್ದಾರೆ. ಉಳಿದ ಎಂಟು ಜನ ತಲಾ ಐದು ಚೀಲ ಇನ್ನೊಂದು ತಳಿ, ಡಬ್ಬಿ ತಂದಿದ್ದಾರೆ. ಒಟ್ಟು ಆವಕ 240 ಚೀಲ. ಇವತ್ತು ಯಾವುದು ಜಾಸ್ತಿ ಅಂತ ಚೀಲ ಹೊತ್ತ ಹಮಾಲನನ್ನು ಕೇಳಿ. "ಕಡ್ಡೀನ ಜಾಸ್ತಿರೀ" ಅನ್ನುತ್ತಾನೆ. 240ರಲ್ಲಿ 200, ಅಂದರೆ ನೂರಕ್ಕೆ 83. ಈಗ ದಲಾಲಿ ಅಂಗಡಿಯಲ್ಲಿ ರೈತರ ಹೆಸರು ಬರೆದುಕೊಂಡ ಗುಮಾಸ್ತನನ್ನು ಕೇಳಿ. "ಇವತ್ತ ಎಲ್ಲಾರೂ ಡಬ್ಬೀನ ತಂದಾರ್ರೀ" ಅನ್ನುತ್ತಾನೆ. ಹತ್ತರಲ್ಲಿ ಎಂಟು, ನೂರಕ್ಕೆ 80. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳಿದರು, ಅಲ್ವಾ?

ಸ್ಟ್ಯಾಟ್‌ಕೌಂಟರ್ ಎಣಿಸುವುದು ಚೀಲವನ್ನು. ಲಕ್ಷಗಟ್ಟಲೆ ವೆಬ್‌ಸೈಟ್‌ಗಳಲ್ಲಿ ಅವರ ಚಿಕ್ಕದೊಂದು ಕೋಡ್ ಕೂತಿರುತ್ತದೆ. ಒಂದು ಪುಟ ತೆರೆದರೆ ಒಂದು ಎಣಿಕೆ. ಒಬ್ಬನೇ ಕೂತು ನೂರು ಪುಟ ತೆರೆದರೆ ನೂರು. ನೆಟ್ ಅಪ್ಲಿಕೇಶನ್ಸ್ ಎಣಿಸುತ್ತಿದ್ದದ್ದು ರೈತರನ್ನು. ಒಂದು ಸೈಟಿಗೆ ಒಬ್ಬ ದಿನಕ್ಕೆ ಎಷ್ಟು ಸಲ ಬಂದರೂ ಒಂದೇ ಲೆಕ್ಕ. ಆ ಕಾಲದಲ್ಲಿ ಕ್ರೋಮ್ ಹಾಕಿಕೊಂಡವರಲ್ಲಿ ಇಡೀ ದಿನ ಇಂಟರ್ನೆಟ್‌ನಲ್ಲೇ ಇರುವವರು ಜಾಸ್ತಿ. ವಾರಕ್ಕೊಮ್ಮೆ ಮೇಲ್ ನೋಡುವವರು ಕಂಪ್ಯೂಟರ್ ಜೊತೆ ಬಂದ ನೀಲಿ 'ಇ' ಗುರುತನ್ನೇ ಒತ್ತುತ್ತಿದ್ದರು. ಹಾಗಾಗಿ ಚೀಲದ ಲೆಕ್ಕದಲ್ಲಿ ಕ್ರೋಮ್ ಮುಂದೆ, ರೈತರ ಲೆಕ್ಕದಲ್ಲಿ ಎಕ್ಸ್‌ಪ್ಲೋರರ್ ಮುಂದೆ.

ಇನ್ನೊಂದು ದೊಡ್ಡ ವ್ಯತ್ಯಾಸವೂ ಇತ್ತು. ಧಾರವಾಡ ಜಿಲ್ಲೆಯ ಜನರ ಅಭಿಪ್ರಾಯ ಕೇಳಲು ಹೊರಟ ಒಬ್ಬ ಹುಬ್ಬಳ್ಳಿಯಲ್ಲಿ 90 ಜನರನ್ನು, ಕಲಘಟಗಿಯಲ್ಲಿ 2 ಜನರನ್ನು ಮಾತಾಡಿಸಿ ಬಂದರೆ ಅದು ಜಿಲ್ಲೆಯ ಮಾತು ಆಗುತ್ತಾ? ಪ್ರತಿ ತಾಲೂಕಿಗೂ ಅದರ ಜನಸಂಖ್ಯೆಗೆ ತಕ್ಕ ತೂಕ ಕೊಡಬೇಕು. ನೆಟ್ ಅಪ್ಲಿಕೇಶನ್ಸ್ ದೇಶಗಳಿಗೆ ಹಾಗೆ ತೂಕ ಕೊಡುತ್ತಿತ್ತು. ಯಾವ ದೇಶದಲ್ಲಿ ಎಷ್ಟು ಜನ ಇಂಟರ್ನೆಟ್ ಬಳಸುತ್ತಾರೆ ಅಂತ ಅಮೆರಿಕದ ಸಿಐಎ ಪ್ರಕಟಿಸುವ ಅಂಕಿಯನ್ನು ಅದಕ್ಕೆ ಬಳಸುತ್ತಿತ್ತು. ಸ್ಟ್ಯಾಟ್‌ಕೌಂಟರ್ ಕೊಡುತ್ತಿರಲಿಲ್ಲ. ಆಗ ಚೀನಾದಲ್ಲಿ ಇಂಟರ್ನೆಟ್ ಬಳಸುವವರು 50 ಕೋಟಿ ದಾಟಿದ್ದರು, ಅವರಲ್ಲಿ ಬಹುಪಾಲು ಜನ ಎಕ್ಸ್‌ಪ್ಲೋರರ್‌ನಲ್ಲೇ ಇದ್ದರು. ಚೀನಾಕ್ಕೆ ಎಷ್ಟು ತೂಕ ಕೊಡುತ್ತೀರಿ ಅನ್ನುವುದರ ಮೇಲೆ ಇಡೀ ಜಗತ್ತಿನ ಚಿತ್ರವೇ ಬದಲಾಗುತ್ತಿತ್ತು. ಹೀಗೆ ತೂಕ ಕೊಡುವುದು ಸರಿ ಅಂತಲೇ ನಾನು ಒಪ್ಪುತ್ತೇನೆ. ಆದರೆ ಚೀನಾದ ನಾಲ್ಕು ಸೈಟಿನ ಲೆಕ್ಕವನ್ನು 50 ಕೋಟಿ ಜನರ ಲೆಕ್ಕ ಅಂತ ಹಿಗ್ಗಿಸಿದಾಗ, ಆ ನಾಲ್ಕರಲ್ಲಿದ್ದ ಚಿಕ್ಕ ತಪ್ಪೂ ಅಷ್ಟೇ ಹಿಗ್ಗುತ್ತದೆ. ಇದನ್ನು ಸಂಖ್ಯಾಶಾಸ್ತ್ರದವರು ನನಗಿಂತ ಚೆನ್ನಾಗಿ ಬಲ್ಲಿರಿ.

ಆ ವರ್ಷದ ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಮೇ ತಿಂಗಳಿಗೂ ಮೊದಲೇ, 2012ರ ಮಾರ್ಚ್ 18ರಂದು, ಒಂದೇ ಒಂದು ದಿನದ ಮಟ್ಟಿಗೆ ಕ್ರೋಮ್ ಜಗತ್ತಿನಲ್ಲಿ ಮೊದಲನೆಯದಾಗಿತ್ತು ಅಂತ ಸ್ಟ್ಯಾಟ್‌ಕೌಂಟರ್ ಹೇಳಿತು. ಅವತ್ತು ಯಾವ ವಾರ ಗೊತ್ತಾ? ಭಾನುವಾರ. ಸೋಮವಾರ ಮತ್ತೆ ಎಕ್ಸ್‌ಪ್ಲೋರರ್ ಮುಂದೆ. ಆಫೀಸಿನ ಕಂಪ್ಯೂಟರ್‌ನಲ್ಲಿ ಇದ್ದದ್ದನ್ನು ಬಳಸಬೇಕು, ಬೇರೆ ಹಾಕಿಕೊಳ್ಳಲು ಬಿಡುವುದಿಲ್ಲ. ಮನೆಯಲ್ಲಿ ಬೇಕಾದ್ದನ್ನು ಹಾಕಿಕೊಳ್ಳಬಹುದು. ಅದೇ ಮನುಷ್ಯ ವಾರಕ್ಕೆ ಐದು ದಿನ ಒಂದು ಲೆಕ್ಕದಲ್ಲಿ, ಎರಡು ದಿನ ಇನ್ನೊಂದು ಲೆಕ್ಕದಲ್ಲಿ. ಈಗ ಯಾರಾದರೂ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಎಂಥ ಜನ ಓಡಾಡುತ್ತಾರೆ ಅಂತ ನೋಡಲು ಸೋಮವಾರ ಬೆಳಿಗ್ಗೆ 9ಕ್ಕೆ ಉಣಕಲ್‌ನಲ್ಲಿ ನಿಂತು ಎಣಿಸಿದರೆ ಒಂದು ಉತ್ತರ, ಭಾನುವಾರ ಸಂಜೆ ನಿಂತು ಎಣಿಸಿದರೆ ಇನ್ನೊಂದು ಉತ್ತರ ಬರುತ್ತದಲ್ಲ, ಹಾಗೆ. ಎಕ್ಸ್‌ಪ್ಲೋರರ್ ಮಾಡಿದ ಮೈಕ್ರೋಸಾಫ್ಟ್ ಅದೇ ಮಾರ್ಚ್ ತಿಂಗಳಲ್ಲಿ ಈ ಲೆಕ್ಕದ ಬಗ್ಗೆ ಬಹಿರಂಗವಾಗಿ ವಾದಕ್ಕಿಳಿಯಿತು. ಕ್ರೋಮ್ ಕೆಲವು ಪುಟಗಳನ್ನು ನೀವು ಒತ್ತುವ ಮುಂಚೆಯೇ ಹಿಂದಿನಿಂದ ತೆರೆದಿಟ್ಟಿರುತ್ತದೆ, ಕಣ್ಣಿಗೇ ಬೀಳದ ಪುಟವನ್ನು ಎಣಿಸುವುದು ಸರಿಯಲ್ಲ ಅಂದಿತು. ಆ ಮಾತಿನಲ್ಲಿ ನ್ಯಾಯ ಇತ್ತು. ಸ್ಟ್ಯಾಟ್‌ಕೌಂಟರ್ ಮೇ ತಿಂಗಳಿಂದ ಅಂಥ ಪುಟಗಳನ್ನು ಲೆಕ್ಕದಿಂದ ತೆಗೆಯಿತು. ತೆಗೆದ ಮೇಲೂ ಕ್ರೋಮ್ ಮುಂದೆ ಬಂತು ಅನ್ನುವುದು ಬೇರೆ ಮಾತು.

ನೆಟ್ ಅಪ್ಲಿಕೇಶನ್ಸ್ ಲೆಕ್ಕದಲ್ಲಿ ಕ್ರೋಮ್ ಮೊದಲ ಸ್ಥಾನಕ್ಕೆ ಬಂದದ್ದು 2016ರಲ್ಲಿ. ನಡುವೆ ನಾಲ್ಕು ವರ್ಷ! ನನ್ನ ಇಬ್ಬರು ಗೆಳೆಯರೂ ಆ ನಾಲ್ಕು ವರ್ಷ ತಮ್ಮ ತಮ್ಮ ಹಾಳೆ ಹಿಡಿದುಕೊಂಡು ಸರಿಯಾಗಿಯೇ ವಾದ ಮಾಡುತ್ತಿರಬಹುದಿತ್ತು.

ಈಗ ಪ್ರೊಜೆಕ್ಟರ್ ಕಡೆ ನೋಡಿ. ಬ್ರೌಸರ್ ಒಂದು ಸೈಟಿಗೆ ಹೋದಾಗ ತಾನು ಯಾರು ಅಂತ ಒಂದು ಸಾಲಿನಲ್ಲಿ ಹೇಳಿಕೊಳ್ಳುತ್ತದೆ. ಎಣಿಸುವವರೆಲ್ಲ ಮುಖ್ಯವಾಗಿ ನಂಬಿಕೊಂಡಿದ್ದು ಈ ಸಾಲನ್ನೇ. ನನ್ನ ಫೋನಿನ ಕ್ರೋಮ್ ಕಳಿಸುವ ಸಾಲನ್ನು ಕನ್ನಡದಲ್ಲೇ ಓದುತ್ತೇನೆ.

"ಮೊಜಿಲ್ಲಾ/5.0 (ಲಿನಕ್ಸ್, ಆಂಡ್ರಾಯ್ಡ್ 10, ಕೆ) ಆಪಲ್‌ವೆಬ್‌ಕಿಟ್/537.36 (ಕೆಎಚ್‌ಟಿಎಂಎಲ್, ಲೈಕ್ ಗೆಕೊ) ಕ್ರೋಮ್/120.0.0.0 ಮೊಬೈಲ್ ಸಫಾರಿ/537.36."

ಇದರಲ್ಲಿ ಐದಾರು ಮನೆತನದ ಹೆಸರಿದೆ. ಕಾರಣ ಹಳೆಯದು. 1994ರಲ್ಲಿ ನೆಟ್‌ಸ್ಕೇಪ್ ಬಂದಾಗ ಅದು ತನ್ನನ್ನು ಮೊಜಿಲ್ಲಾ ಅಂತ ಕರೆದುಕೊಂಡಿತು. ಬೇರೆ ಬ್ರೌಸರ್‌ಗಳಿಗೆ ಬಾರದ ಕೆಲವು ಸೌಲಭ್ಯ ಅದಕ್ಕಿದ್ದವು. ಸೈಟ್ ಮಾಡುವವರು ಮೊಜಿಲ್ಲಾ ಅಂದವರಿಗೆ ಮಾತ್ರ ಒಳ್ಳೆಯ ಪುಟ ಕೊಡತೊಡಗಿದರು. ಆಮೇಲೆ ಬಂದ ಎಕ್ಸ್‌ಪ್ಲೋರರ್ ತನಗೂ ಒಳ್ಳೆಯ ಪುಟ ಸಿಗಲಿ ಅಂತ ತಾನೂ ಮೊಜಿಲ್ಲಾ ಅಂದಿತು. ಮುಂದೆ ಮೊಜಿಲ್ಲಾದ ಎಂಜಿನ್, ಅಂದರೆ ಪುಟವನ್ನು ಪರದೆ ಮೇಲೆ ಮೂಡಿಸುವ ಒಳಭಾಗ, ಗೆಕೊ ಅಂತ ಹೆಸರಾಯಿತು. ಲಿನಕ್ಸ್ ಲೋಕದ ಒಂದು ಬ್ರೌಸರ್ ತಾನು ಗೆಕೊ ಇದ್ದ ಹಾಗೆ ಅಂದಿತು. ಅದರ ಎಂಜಿನ್ನಿನಿಂದ 2003ರಲ್ಲಿ ಸಫಾರಿ ಹುಟ್ಟಿತು. ಸಫಾರಿಯ ಎಂಜಿನ್ ಬಳಸಿ 2008ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬಂತು, ಬರುವಾಗ ಎಲ್ಲರ ಹೆಸರನ್ನೂ ಹೊತ್ತುಕೊಂಡೇ ಬಂತು.

'ಆಂಡ್ರಾಯ್ಡ್ 10, ಕೆ' ಅಂತ ಇದೆಯಲ್ಲ, ನನ್ನ ಫೋನ್ ಆಂಡ್ರಾಯ್ಡ್ 10 ಅಲ್ಲವೇ ಅಲ್ಲ. 2023ರಿಂದ ಕ್ರೋಮ್ ಎಲ್ಲ ಆಂಡ್ರಾಯ್ಡ್ ಫೋನಿನ ಪರವಾಗಿ ಇದೊಂದೇ ಮಾತು ಹೇಳುತ್ತದೆ. ಬಳಸುವವರ ಗುರುತು ಹತ್ತಬಾರದು ಅನ್ನುವುದು ಉದ್ದೇಶ, ಒಳ್ಳೆಯದೇ. ಬ್ರೇವ್ ಅನ್ನುವ ಬ್ರೌಸರ್ ತನ್ನ ಹೆಸರನ್ನೇ ಹೇಳುವುದಿಲ್ಲ, ಕ್ರೋಮ್ ಅಂತಲೇ ಹೇಳುತ್ತದೆ. ವಿವಾಲ್ಡಿ 2019ರ ಕೊನೆಯಿಂದ ಬಹುಪಾಲು ಸೈಟ್‌ಗಳಿಗೆ ಹಾಗೇ ಹೇಳುತ್ತಿದೆ. ತನ್ನ ಹೆಸರು ಹೇಳಿದರೆ ಕೆಲವು ಸೈಟ್‌ಗಳು ಬಾಗಿಲು ಹಾಕುತ್ತಿದ್ದವು. ಐಫೋನಿನ ಕ್ರೋಮ್ ಲೆಕ್ಕದಲ್ಲಿ ಕ್ರೋಮ್, ಒಳಗಿನ ಎಂಜಿನ್ ಮಾತ್ರ ಸಫಾರಿಯದು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಂಡವರಲ್ಲಿ ಎಷ್ಟೋ ಜನ ಎಣಿಕೆಯ ಕೋಡನ್ನೂ ತಡೆದುಬಿಡುತ್ತಾರೆ, ಅವರು ಲೆಕ್ಕಕ್ಕೇ ಸಿಗುವುದಿಲ್ಲ. ನೆಟ್ ಅಪ್ಲಿಕೇಶನ್ಸ್ 2020ರ ಅಕ್ಟೋಬರ್‌ಗೆ ತನ್ನ ಪ್ರಕಟಣೆ ನಿಲ್ಲಿಸಿತು. ಬ್ರೌಸರ್‌ಗಳಲ್ಲಿ ಬರಲಿರುವ ಬದಲಾವಣೆಯಿಂದ ಸಾಧನ ಗುರುತಿಸುವುದೇ ಕಷ್ಟವಾಗಲಿದೆ ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ.

ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಗೆ ನಾವು ಕನ್ನಡದಲ್ಲಿ ಸೈಟ್ ಮಾಡಿಕೊಟ್ಟೆವು. ಯಾವ ತಳಿ ಬಂದಿದೆ, ದರ ಎಷ್ಟು ಅಂತ ದಿನಾ ಹಾಕುವ ಪುಟ. ಕ್ರೋಮ್, ಫೈರ್‌ಫಾಕ್ಸ್, ಎಕ್ಸ್‌ಪ್ಲೋರರ್ ಮೂರರಲ್ಲೂ ಕೂತು ನೋಡಿದ್ದೆ. ಜಗತ್ತಿನ ಲೆಕ್ಕದಲ್ಲಿ ಮೊದಲ ಮೂರು ಅವೇ ಅಲ್ವಾ? ಒಂದು ವಾರದ ಮೇಲೆ ಅಂಗಡಿಯ ಯಜಮಾನರು ಫೋನ್ ಮಾಡಿದರು. "ಸರ, ಒಮ್ಮೆ ಬಂದು ಹೋಗ್ರಿ. ನಮ್ಮ ಮಂದಿ ಫೋನಿನ್ಯಾಗ ಬರೇ ಡಬ್ಬಿ ಡಬ್ಬಿ ಬರಾಕತ್ತಾವ್ರೀ."

ಹೋಗಿ ನೋಡಿದೆ. ರೈತರ ಕೈಯಲ್ಲಿ ಇದ್ದದ್ದು ಗುಂಡಿ ಒತ್ತುವ ಕೀಪ್ಯಾಡ್ ಫೋನು. ಅದರಲ್ಲಿ ಒಪೇರಾ ಮಿನಿ. ಫೋನಿನಲ್ಲಿ ಕನ್ನಡ ಅಕ್ಷರವೇ ಇಲ್ಲ, ಹಾಗಾಗಿ ಇಡೀ ಪುಟ ಖಾಲಿ ಚೌಕಗಳು. ದರದ ಅಂಕಿ ಮಾತ್ರ ಕಾಣುತ್ತಿದೆ, ಯಾವ ಬೀಜದ ದರ ಅಂತ ಗೊತ್ತಾಗುವುದಿಲ್ಲ. ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲೇ ನಮ್ಮ ದೇಶದಲ್ಲಿ ಮೊಬೈಲು ಡೆಸ್ಕ್‌ಟಾಪನ್ನು ಹಿಂದೆ ಹಾಕಿದ್ದು 2012ರಲ್ಲಿ. ಜಗತ್ತಿನಲ್ಲಿ ಅದು ಆದದ್ದು 2016ರ ಅಕ್ಟೋಬರ್‌ನಲ್ಲಿ. ನಾನು ಜಗತ್ತಿನ ಡೆಸ್ಕ್‌ಟಾಪ್ ಚಾರ್ಟ್ ನೋಡಿ ರಾಣೆಬೆನ್ನೂರಿನ ರೈತರಿಗೆ ಪುಟ ಮಾಡಿದ್ದೆ.

ಒಪೇರಾ ಮಿನಿಯಲ್ಲಿ ಇದಕ್ಕೊಂದು ದಾರಿ ಇತ್ತು. ವಿಳಾಸದ ಜಾಗದಲ್ಲಿ 'ಒಪೇರಾ:ಕಾನ್ಫಿಗ್' ಅಂತ ಬರೆಯಬೇಕು. ತೆರೆದ ಪುಟದಲ್ಲಿ ಕೆಳಗೆ ಹೋದರೆ ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಲೇ ಅನ್ನುವ ಆಯ್ಕೆ. ಅಲ್ಲಿ 'ನೋ' ಇದ್ದದ್ದನ್ನು 'ಯೆಸ್' ಮಾಡಿ ಸೇವ್ ಒತ್ತಬೇಕು. ಆಮೇಲೆ ಒಪೇರಾದವರ ಸರ್ವರ್ ಕನ್ನಡ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತದೆ. ಡೇಟಾ ಜಾಸ್ತಿ ಹೋಗುತ್ತದೆ, ಅಕ್ಷರ ಸ್ವಲ್ಪ ಮಸುಕು, ಆದರೆ ಓದಬಹುದು. ಆ ಸಂತೆಯ ದಿನ ಪೂರ್ತಿ ನಾನು ಅಂಗಡಿಯ ಗಲ್ಲೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಬಂದವರ ಫೋನ್ ತೆಗೆದುಕೊಂಡು ಒಂದೊಂದೇ ಗುಂಡಿಯನ್ನು ಮೂರು ಮೂರು ಸಲ ಒತ್ತಿ ಆ ವಿಳಾಸ ಬರೆದು, ಯೆಸ್ ಮಾಡಿ ಕೊಟ್ಟೆ. ಒಬ್ಬ ಅಜ್ಜ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು 'ಮೆಕ್ಕೆಜೋಳ' ಅಂತ ಜೋರಾಗಿ ಓದಿದರು. ಆಮೇಲೆ ನನ್ನ ಮುಖ ನೋಡಿ ಇನ್ನೊಮ್ಮೆ ಓದಿದರು.

ವಾಪಸ್ ಬಂದು ಮೊದಲು ಮಾಡಿದ ಕೆಲಸ, ಆ ಸೈಟಿನ ಸರ್ವರ್ ಲಾಗ್ ತೆರೆದದ್ದು. ಯಾರು ಬಂದರು, ಎಷ್ಟು ಹೊತ್ತಿಗೆ, ಯಾವ ಬ್ರೌಸರ್‌ನಿಂದ ಅಂತ ಅಲ್ಲಿ ಸಾಲು ಸಾಲಾಗಿ ಬರೆದಿತ್ತು. ಅರ್ಧಕ್ಕಿಂತ ಜಾಸ್ತಿ ಸಾಲು ಒಪೇರಾ ಮಿನಿಯವು. ಉತ್ತರ ನನ್ನ ಮನೆಯ ಹಿತ್ತಲಲ್ಲೇ ಇತ್ತು, ನಾನು ಸ್ಟ್ಯಾಟ್‌ಕೌಂಟರ್ ಇರುವ ಡಬ್ಲಿನ್‌ನ ಚಾರ್ಟ್ ನೋಡುತ್ತಾ ಕೂತಿದ್ದೆ. ಅವತ್ತಿನಿಂದ ಯಾವ ಗಿರಾಕಿ ಬಂದರೂ ನಮ್ಮ ಮೊದಲ ಪ್ರಶ್ನೆ ಒಂದೇ. ನಿಮ್ಮ ಹಳೆ ಸೈಟಿನ ಲಾಗ್ ಇದೆಯಾ? ಇಲ್ಲದಿದ್ದರೆ ಅವರ ಅಂಗಡಿಯಲ್ಲಿ ಅರ್ಧ ದಿನ ಕೂತು, ಬಂದವರ ಕೈಯಲ್ಲಿರುವ ಫೋನ್ ನೋಡುತ್ತೇವೆ.

ಇನ್ನು ಭವಿಷ್ಯದ ಲೆಕ್ಕಕ್ಕೆ ಬರುತ್ತೇನೆ. 'ಹೀಗೇ ಹೋದರೆ ಇಷ್ಟು ವರ್ಷಕ್ಕೆ ಇಷ್ಟಾಗುತ್ತದೆ' ಅನ್ನುವ ಮಾತು. ಇದರ ಬಗ್ಗೆ ನನಗೆ ಭಯವಿದೆ, ಯಾಕೆಂದರೆ ನಾನೂ ಹಾಗೆ ಗೆರೆ ಎಳೆದು ನಂಬಿದವನು.

2004ರ ನವೆಂಬರ್ 9ರಂದು ಫೈರ್‌ಫಾಕ್ಸ್ 1.0 ಬಂತು. ಒಂದು ವರ್ಷ ತುಂಬುವುದರೊಳಗೆ 10 ಕೋಟಿ ಡೌನ್‌ಲೋಡ್. 2008ರ ಜೂನ್‌ನಲ್ಲಿ ಅದರ ಮೂರನೇ ಆವೃತ್ತಿ 24 ಗಂಟೆಯಲ್ಲಿ 80 ಲಕ್ಷ ಡೌನ್‌ಲೋಡ್ ಆಗಿ ಗಿನ್ನೆಸ್ ದಾಖಲೆ ಸೇರಿತು. 2009-10ರ ಹೊತ್ತಿಗೆ ಜಗತ್ತಿನಲ್ಲಿ ನೂರಕ್ಕೆ 30 ದಾಟಿತ್ತು. ಸ್ಕೇಲ್ ಇಟ್ಟು ಗೆರೆ ಎಳೆದರೆ ಇನ್ನು ಮೂರ್ನಾಲ್ಕು ವರ್ಷಕ್ಕೆ 50. ನಾನೂ ಎಳೆದಿದ್ದೆ. 2010ರ ಡಿಸೆಂಬರ್‌ನಲ್ಲಿ ಯುರೋಪಿನಲ್ಲಿ ಅದು ಎಕ್ಸ್‌ಪ್ಲೋರರನ್ನು ಹಿಂದೆ ಹಾಕಿತು ಅನ್ನುವ ಸುದ್ದಿ ಓದಿ ನಮ್ಮ ಆಫೀಸಿನಲ್ಲಿ ಪೇಢಾ ಹಂಚಿದ್ದೆವು. 38.1 ಮತ್ತು 37.5.

ಆ ಸುದ್ದಿಯನ್ನು ಇನ್ನೊಮ್ಮೆ ಓದಿದ್ದರೆ ಗೊತ್ತಾಗುತ್ತಿತ್ತು. ಫೈರ್‌ಫಾಕ್ಸ್ ಹೆಚ್ಚೂಕಡಿಮೆ ಇದ್ದಲ್ಲೇ ಇತ್ತು. ಎಕ್ಸ್‌ಪ್ಲೋರರ್ ಇಳಿದಿತ್ತು, ಇಳಿದದ್ದೆಲ್ಲ ಕ್ರೋಮ್‌ಗೆ ಹೋಗಿತ್ತು. ಸ್ಟ್ಯಾಟ್‌ಕೌಂಟರ್ ಕಟ್ಟಿದ ಏಡನ್ ಕಲೆನ್ ಕೂಡ ಆಗ ಇದನ್ನೇ ಹೇಳಿದ್ದರು. ಅಲ್ಲಿಂದಾಚೆ ಫೈರ್‌ಫಾಕ್ಸ್ ಇಳಿಯುತ್ತಲೇ ಬಂತು. ಈಗ ಎಲ್ಲ ಸಾಧನ ಸೇರಿಸಿದರೆ ನೂರಕ್ಕೆ 2-3ರ ಆಸುಪಾಸು, ಡೆಸ್ಕ್‌ಟಾಪ್ ಒಂದನ್ನೇ ನೋಡಿದರೆ ಅದರ ಸುಮಾರು ಎರಡು ಪಟ್ಟು.

ಯಾಕೆ ಬೆಳೆಯಿತು ಅಂತ ನಾನು ಕೇಳಿಕೊಂಡಿರಲಿಲ್ಲ. 2001ರಲ್ಲಿ ಎಕ್ಸ್‌ಪ್ಲೋರರ್ 6 ಬಂದ ಮೇಲೆ ಮೈಕ್ರೋಸಾಫ್ಟ್ ಐದು ವರ್ಷ ಹೊಸ ಆವೃತ್ತಿ ಕೊಡಲಿಲ್ಲ. ಆಗ ಅದರ ಪಾಲು ನೂರಕ್ಕೆ 90 ದಾಟಿತ್ತು, ಅವಸರ ಇರಲಿಲ್ಲ. ಆ ಐದು ವರ್ಷ ವೈರಸ್ಸು, ಪಾಪ್‌ಅಪ್ಪುಗಳಿಂದ ಬೇಸತ್ತವರೆಲ್ಲ ಫೈರ್‌ಫಾಕ್ಸ್‌ಗೆ ಬಂದರು. ಬೇಸತ್ತವರು ಬಂದು ಮುಗಿದ ಮೇಲೆ ಬೆಳವಣಿಗೆಯೂ ಮುಗಿಯಿತು. ಅಷ್ಟರಲ್ಲಿ ಹೊಸ ಜನ ಇಂಟರ್ನೆಟ್‌ಗೆ ಬರತೊಡಗಿದ್ದರು. 2010ರಲ್ಲಿ ಜಗತ್ತಿನಲ್ಲಿ ಸುಮಾರು 200 ಕೋಟಿ ಇದ್ದವರು 2023ಕ್ಕೆ 540 ಕೋಟಿ ಆದರು. ಅವರು ಬಂದದ್ದು ಫೋನ್ ಹಿಡಿದುಕೊಂಡು, ಆ ಫೋನಿನಲ್ಲಿ ಕ್ರೋಮ್ ಮೊದಲೇ ಕೂತಿತ್ತು. ಫೆಬ್ರವರಿಯಲ್ಲಿ ವಾರದಿಂದ ವಾರಕ್ಕೆ ಬ್ಯಾಡಗಿಯ ಆವಕ ಏರುವುದನ್ನು ನೋಡಿ ಆಗಸ್ಟ್‌ವರೆಗೆ ಗೆರೆ ಎಳೆಯುವವರು ನಿಮ್ಮಲ್ಲಿ ಯಾರೂ ಇಲ್ಲ. ಸುಗ್ಗಿ ಮುಗಿಯುತ್ತದೆ ಅಂತ ನಿಮಗೆ ಗೊತ್ತು. ಬ್ರೌಸರ್‌ಗೂ ಸುಗ್ಗಿ ಇರುತ್ತದೆ.

ದೊಡ್ಡ ದೊಡ್ಡ ಸಂಸ್ಥೆಗಳೂ ಇಲ್ಲಿ ಎಡವಿವೆ. 2011ರ ಮಾರ್ಚ್‌ನಲ್ಲಿ ಐಡಿಸಿ ಅನ್ನುವ ಮಾರುಕಟ್ಟೆ ಸಮೀಕ್ಷೆ ಸಂಸ್ಥೆ ಸ್ಮಾರ್ಟ್‌ಫೋನ್ ಬಗ್ಗೆ ಒಂದು ಮುನ್ನೋಟ ಕೊಟ್ಟಿತು. 2015ಕ್ಕೆ ವಿಂಡೋಸ್ ಫೋನ್ ನೂರಕ್ಕೆ 20.9 ಪಾಲು ಪಡೆದು ಆಂಡ್ರಾಯ್ಡ್ ನಂತರ ಎರಡನೆಯದಾಗುತ್ತದೆ ಅಂತ. ನೋಕಿಯಾ ಆಗಷ್ಟೇ ಮೈಕ್ರೋಸಾಫ್ಟ್ ಜೊತೆ ಕೈಜೋಡಿಸಿತ್ತು, ನೋಕಿಯಾದ ಹಳೆ ಗಿರಾಕಿಗಳೆಲ್ಲ ಹಾಗೇ ಆ ಕಡೆ ಬರುತ್ತಾರೆ ಅನ್ನುವ ನಂಬಿಕೆ. 2015 ಬಂದಾಗ ಅದು ನೂರಕ್ಕೆ 3ರ ಒಳಗೆ ಇತ್ತು. 20.9ರಲ್ಲಿ ಚುಕ್ಕೆಯ ಆಚೆಗಿನ ಆ 9 ನೋಡಿ. ಅದೇ ನಮ್ಮನ್ನು ಮೋಸ ಮಾಡುವುದು. ಅಷ್ಟು ಕರಾರುವಾಕ್ಕಾಗಿ ಹೇಳಿದ್ದಾರೆ ಅಂದಮೇಲೆ ಖಂಡಿತ ಗೊತ್ತಿರಬೇಕು ಅನಿಸಿಬಿಡುತ್ತದೆ.

ನಮ್ಮ ದೇಶದಲ್ಲಿ ಯುಸಿ ಬ್ರೌಸರ್ ಇತ್ತು, ನೆನಪಿದೆಯಾ? 2015-16ರಲ್ಲಿ ಭಾರತದ ಮೊಬೈಲ್ ಲೆಕ್ಕದಲ್ಲಿ ಅರ್ಧದಷ್ಟು ಅದೇ. 2020ರ ಜೂನ್ 29ರ ಸಂಜೆ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಇದೂ ಒಂದು. ಆ ಹೊತ್ತಿಗೆ ಅದು ಇಳಿಯುತ್ತಿತ್ತು ನಿಜ. ಆದರೆ ಒಂದು ಸಂಜೆಯ ಆದೇಶ ಯಾವ ಗೆರೆಯಲ್ಲೂ ಇರಲಿಲ್ಲ.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತು. ಈ ಅಂಕಿ ಎಣಿಸಿ ಸುಮ್ನೆ ಕೂರುವುದಿಲ್ಲ. ಅದು ಜಗತ್ತನ್ನು ಬದಲಾಯಿಸುತ್ತದೆ.

ಅಮೆರಿಕ ಸರ್ಕಾರದ ವೆಬ್‌ಸೈಟ್‌ಗಳ ವಿನ್ಯಾಸ ಪದ್ಧತಿಯಲ್ಲಿ ಒಂದು ನಿಯಮವಿದೆ. ತಮ್ಮ ಸೈಟ್‌ಗಳಿಗೆ ಬರುವವರಲ್ಲಿ ನೂರಕ್ಕೆ 2ಕ್ಕಿಂತ ಜಾಸ್ತಿ ಇರುವ ಬ್ರೌಸರ್‌ಗಳಿಗೆ ಮಾತ್ರ ಬೆಂಬಲ. ಅವರು ತಮ್ಮದೇ ಲೆಕ್ಕ ಬಳಸುತ್ತಾರೆ, ಅದನ್ನು ಎಲ್ಲರಿಗೂ ಕಾಣುವ ಹಾಗೆ ಇಡುತ್ತಾರೆ, ಆ ಮಟ್ಟಿಗೆ ಅದು ಒಳ್ಳೆಯ ಪದ್ಧತಿ. 2023ರ ಕೊನೆಗೆ ಫೈರ್‌ಫಾಕ್ಸ್ ಆ ಗೆರೆಯ ಹತ್ತಿರ ಬಂತು. ಆಗ ಬಹಳ ಜನ ಗಾಬರಿಯಾದರು. ಗೆರೆಗಿಂತ ಕೆಳಗೆ ಹೋದರೆ ಸೈಟ್ ಮಾಡುವವರು ಅದರಲ್ಲಿ ಪರೀಕ್ಷಿಸುವುದು ಬಿಡುತ್ತಾರೆ. ಪರೀಕ್ಷಿಸದಿದ್ದರೆ ಎಲ್ಲೋ ಒಂದು ಬಟನ್ ಕೆಲಸ ಮಾಡುವುದಿಲ್ಲ. ಬಟನ್ ಕೆಲಸ ಮಾಡದಿದ್ದರೆ ಬಳಸುವವರು ಬಿಟ್ಟು ಹೋಗುತ್ತಾರೆ. ಅಂಕಿ ಇನ್ನೂ ಇಳಿಯುತ್ತದೆ. ಬೆಳೆ ಕಾಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಒಂದೇ ಬ್ರೌಸರ್ ಸಾಕು ಅಂದುಕೊಂಡರೆ ಏನಾಗುತ್ತದೆ ಅಂತ ನಾವು ನೋಡಿದ್ದೇವೆ. ಗದಗ ಅಂದರೆ ಮುದ್ರಣ ಕಾಶಿ, ಗೊತ್ತಲ್ಲ. ಅಲ್ಲಿನ ಒಂದು ಪ್ರೆಸ್ಸಿನ ಮಾಲೀಕರು ನನಗೆ ಪರಿಚಯ. ಅವರ ಪ್ರೆಸ್ಸಿನ ಮೂಲೆಯಲ್ಲಿ ಹಳೆ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಒಂದಿತ್ತು. ಮೇಲೆ ಬಟ್ಟೆ ಹೊದಿಸಿ, ಧೂಳು ಕೂರದ ಹಾಗೆ ಜೋಪಾನವಾಗಿ ಇಟ್ಟಿದ್ದರು. ಕೇಳಿದರೆ, "ಟೆಂಡರ್ ತುಂಬಾಕ ಇದ ಬೇಕ್ರಿ. ಆ ಸೈಟು ಎಕ್ಸ್‌ಪ್ಲೋರರ್‌ನ್ಯಾಗ ಬಿಟ್ರ ಬ್ಯಾರೆದ್ರಾಗ ತೆರಿಯಂಗಿಲ್ಲ" ಅಂದರು. ಸೈಟ್ ಮಾಡಿಸಿದ ಕಾಲಕ್ಕೆ ಎಲ್ಲರೂ ಎಕ್ಸ್‌ಪ್ಲೋರರ್ ಬಳಸುತ್ತಿದ್ದರು, ಹಾಗಾಗಿ ಅದಕ್ಕೆ ಮಾತ್ರ ಒಗ್ಗುವ ಹಾಗೆ ಬರೆದಿದ್ದರು. ಜನ ಮುಂದೆ ಹೋದರು, ಸೈಟು ಅಲ್ಲೇ ಉಳಿಯಿತು. ಒಂದು ದಿನ ಟೆಂಡರಿನ ಕೊನೆಯ ಗಡುವಿಗೆ ಎರಡು ಗಂಟೆ ಇರುವಾಗ ಆ ಕಂಪ್ಯೂಟರ್ ಏಳಲೇ ಇಲ್ಲ. ಅವರ ಆ ವರ್ಷದ ದೊಡ್ಡ ಕೆಲಸ ಕೈಬಿಟ್ಟಿತು. ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್‌ಗೆ ಬೆಂಬಲ ನಿಲ್ಲಿಸಿದ್ದು 2022ರ ಜೂನ್ 15ರಂದು. ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಬಟ್ಟೆ ಹೊದಿಸಿದ ಕಂಪ್ಯೂಟರ್.

ಇವತ್ತು ನಮ್ಮ ದೇಶದಲ್ಲಿ ಕ್ರೋಮ್ ನೂರಕ್ಕೆ 85 ದಾಟಿದೆ. ಒಪೇರಾ 2013ರಲ್ಲಿ, ಮೈಕ್ರೋಸಾಫ್ಟಿನ ಎಡ್ಜ್ 2020ರ ಜನವರಿಯಲ್ಲಿ ಕ್ರೋಮ್‌ನ ಎಂಜಿನ್ನಿಗೇ ಬಂದವು. ಹೆಸರು ಹತ್ತು, ಎಂಜಿನ್ ಒಂದೇ. ಹಾಗಾಗಿ ಉಳಿದವರು ಯಾಕೆ ಬೇಕು, ನೂರಕ್ಕೆ ಒಂದೋ ಎರಡೋ ಅಲ್ವಾ ಅಂತ ನಮ್ಮ ಹುಡುಗರೂ ಕೇಳುತ್ತಾರೆ. ನಾನು ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರಿಸುತ್ತೇನೆ. ಭಾರತದಲ್ಲಿ ಇಂಟರ್ನೆಟ್ ಬಳಸುವವರು 80 ಕೋಟಿ ದಾಟಿದ್ದಾರೆ. ಅದರಲ್ಲಿ ನೂರಕ್ಕೆ ಒಂದು ಅಂದರೆ 80 ಲಕ್ಷ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರ. ಅಂಥ ಎಂಟು ಹುಬ್ಬಳ್ಳಿ-ಧಾರವಾಡಗಳನ್ನು ಬಾಗಿಲ ಹೊರಗೆ ನಿಲ್ಲಿಸಲು ನನಗೆ ಮನಸ್ಸಾಗುವುದಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಆಮೇಲೆ ಪ್ರಶ್ನೆಗಳು ಬಂದವು.

ಮೊದಲ ಸಾಲಿನ ಹುಡುಗ ಕೇಳಿದ: "ಹಂಗಾದ್ರ ಈ ಚಾರ್ಟ್ ನೋಡೂದ ಬ್ಯಾಡೇನ್ರಿ ಸರ?"

ನೋಡಬೇಕು, ನಾನೂ ತಿಂಗಳಿಗೊಮ್ಮೆ ನೋಡುತ್ತೇನೆ ಅಂದೆ. ಒಬ್ಬರ ಲೆಕ್ಕವನ್ನೇ ಹಿಡಿದು ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿದರೆ ದಿಕ್ಕು ತಿಳಿಯುತ್ತದೆ. ಇವರ ಹೋದ ವರ್ಷ, ಅವರ ಈ ವರ್ಷ ಅಂತ ಬೆರೆಸಬಾರದು. ಸ್ಟ್ಯಾಟ್‌ಕೌಂಟರ್ ಜೊತೆಗೆ ಕ್ಲೌಡ್‌ಫ್ಲೇರ್ ಕಂಪನಿ ರೇಡಾರ್ ಹೆಸರಿನಲ್ಲಿ ಕೊಡುವ ಲೆಕ್ಕ ನೋಡಬಹುದು. ವಿಕಿಪೀಡಿಯಾ ನಡೆಸುವ ವಿಕಿಮೀಡಿಯಾದವರೂ ತಮ್ಮ ಲೆಕ್ಕ ಪ್ರಕಟಿಸುತ್ತಾರೆ. ಅವರು ಎಣಿಸುವುದು ಸರ್ವರ್ ಲಾಗ್‌ನಿಂದ, ಹಾಗಾಗಿ ಜಾಹೀರಾತು ತಡೆಯುವವರೂ ಅಲ್ಲಿ ಸಿಗುತ್ತಾರೆ.

ಇನ್ನೊಬ್ಬರು ಕೇಳಿದರು: ಐದು ವರ್ಷದ ಮೇಲೆ ಯಾವುದು ಮುಂದೆ ಇರುತ್ತದೆ?

ಅಂಕಿ ಹೇಳಲಿಲ್ಲ. ಯಾವುದರ ಮೇಲೆ ಕಣ್ಣಿಡಬೇಕು ಅಂತ ಹೇಳಿದೆ. ಆಂಡ್ರಾಯ್ಡ್ ಫೋನಿನ ಜೊತೆ ಕ್ರೋಮ್ ಬರುವುದು ನಿಲ್ಲುವವರೆಗೆ ನಮ್ಮ ದೇಶದಲ್ಲಿ ದೊಡ್ಡ ಬದಲಾವಣೆ ಕಷ್ಟ. ಅಮೆರಿಕದ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಗೂಗಲ್ ಹುಡುಕಾಟದಲ್ಲಿ ಏಕಸ್ವಾಮ್ಯ ನಡೆಸಿದೆ ಅಂತ ತೀರ್ಪು ಕೊಟ್ಟಿತು, 2025ರ ಸೆಪ್ಟೆಂಬರ್‌ನಲ್ಲಿ ಕ್ರೋಮನ್ನು ಮಾರಬೇಕಿಲ್ಲ ಅಂದಿತು. 2025ರಲ್ಲೇ ಎಐ ಕಂಪನಿಗಳ ಬ್ರೌಸರ್‌ಗಳು, ಪರ್ಪ್ಲೆಕ್ಸಿಟಿಯ ಕಾಮೆಟ್, ಓಪನ್‌ಎಐನ ಅಟ್ಲಾಸ್ ಬಂದವು. ಎರಡೂ ಕ್ರೋಮ್‌ನ ಎಂಜಿನ್ನಿನ ಮೇಲೇ ಕಟ್ಟಿದವು. ಹಾಗಾಗಿ ಕ್ರೋಮ್ ಹೆಸರಿನ ಪಾಲು ಇಳಿದು, ಅದರ ಎಂಜಿನ್ನಿನ ಪಾಲು ಇದ್ದಷ್ಟೇ ಉಳಿಯಬಹುದು. ನಾಳೆ ಅಂಥ ಚಾರ್ಟ್ ನೋಡಿದಾಗ ಯಾವುದನ್ನು ಎಣಿಸಿದ್ದಾರೆ ಅಂತ ಮೊದಲು ನೋಡಿ ಅಂದೆ.

ಕೊನೆಯ ಪ್ರಶ್ನೆ ಹಿಂದಿನ ಬೆಂಚಿನ ಹುಡುಗಿಯದು. "ಸರ, ನಾ ದಿನಾ ಫೈರ್‌ಫಾಕ್ಸ್ ಬಳಸ್ತೀನ್ರಿ. ಪರೀಕ್ಷಾ ಫಾರ್ಮ್ ತುಂಬೂ ಪುಟ ಮಾತ್ರ ಅದ್ರಾಗ ಮುಂದ ಹೋಗಂಗಿಲ್ಲ, ಅದಕ್ಕ ಕ್ರೋಮ್ ತೆರೀತೀನಿ. ನಾ ಯಾರ ಲೆಕ್ಕದಾಗ ಬರ್ತೀನ್ರಿ?"

ಇಡೀ ದಿನ ನಾನು ಹೇಳಲು ಒದ್ದಾಡಿದ್ದನ್ನು ಅವಳು ಒಂದೇ ಮಾತಿನಲ್ಲಿ ಕೇಳಿದಳು. ಆ ಪುಟ ನಡೆಸುವವರ ಲೆಕ್ಕದಲ್ಲಿ ನೀವು ಕ್ರೋಮ್ ಅಂದೆ. ಅವರು ವರ್ಷದ ಕೊನೆಗೆ ಲಾಗ್ ತೆರೆದು, ಫೈರ್‌ಫಾಕ್ಸ್‌ನಿಂದ ಯಾರೂ ಫಾರ್ಮ್ ತುಂಬಿಲ್ಲ, ಅದರ ಚಿಂತೆ ಬೇಡ ಅಂತ ತೀರ್ಮಾನಿಸುತ್ತಾರೆ. ನಿಮ್ಮದೇ ಸೈಟಿನ ಲಾಗ್ ನೋಡಿ ಅಂತ ಅಷ್ಟು ಹೊತ್ತು ಹೇಳಿದೆನಲ್ಲ, ಅದೂ ಇಲ್ಲಿ ಸಾಲದು. ಬಾಗಿಲು ತೆರೆಯದೆ ತಿರುಗಿ ಹೋದವರು ಫಾರ್ಮ್ ತುಂಬಿದವರ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆ ನೀವೇ ಅವರಿಗೆ ಬರೆಯಬೇಕು. ಯಾವ ಪುಟ, ಯಾವ ಬಟನ್, ಫೈರ್‌ಫಾಕ್ಸ್‌ನ ಯಾವ ಆವೃತ್ತಿ, ಏನು ಕಾಣಿಸಿತು, ಎಲ್ಲ ಬರೆದು ಸ್ಕ್ರೀನ್‌ಶಾಟ್ ಹಚ್ಚಿ ಕಳಿಸಿ.

ಕಾರ್ಯಕ್ರಮ ಮುಗಿದ ಮೇಲೆ ಅವಳು ಲ್ಯಾಪ್‌ಟಾಪ್ ತಂದು ಆ ಪುಟ ತೆರೆದು ತೋರಿಸಿದಳು. ಇಬ್ಬರೂ ಕೂತು ಮೇಲ್ ಬರೆದೆವು. ಕನ್ನಡದಲ್ಲೇ ಬರೆದೆವು. ತಪ್ಪು ಎಲ್ಲಿದೆ ಅಂತ ಹುಡುಕಿದಾಗ ಸಿಕ್ಕಿತು. ತಾರೀಖು ಓದುವ ಒಂದೇ ಒಂದು ಸಾಲು ಕ್ರೋಮ್‌ಗೆ ಮಾತ್ರ ತಿಳಿಯುವ ಹಾಗೆ ಬರೆದಿದ್ದರು. ಆ ಸಾಲನ್ನು ಹೇಗೆ ತಿದ್ದಬೇಕು ಅನ್ನುವುದನ್ನೂ ಕೆಳಗೆ ಸೇರಿಸಿ ಕಳಿಸಿದ್ದೇವೆ.